ಹದಿನೇಳು ತಿಂಗಳು ಒಂದೇ ಅಂಕಿ: ಸಹಕಾರ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಹಕಾರ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು ಇವರಿಗೆ

ವಿಷಯ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ, ಲಾಭ-ನಷ್ಟ ಹಂಚಿಕೆಯ ವ್ಯವಹಾರಕ್ಕೆ ಪ್ರಾಯೋಗಿಕ ಅನುಮತಿ ಮತ್ತು ಅದಕ್ಕೆ ತಕ್ಕ ಲೆಕ್ಕಪರಿಶೋಧನೆ ಕುರಿತು.

ಮಾನ್ಯರೇ,

ನಾನು ಸಹಕಾರ ಲೆಕ್ಕಪರಿಶೋಧನಾ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ನಿವೃತ್ತನಾಗಿ ಬೆಟಗೇರಿಯಲ್ಲಿ ನೆಲೆಸಿರುವವನು. ಗದಗ ಮತ್ತು ಹಾವೇರಿಗಳು ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ದಿನಗಳಿಂದ, ಅಂದರೆ 1997ಕ್ಕೂ ಹಿಂದಿನಿಂದ, ಈ ಭಾಗದ ಸಂಘಗಳ ಕಿರ್ದಿ (ದಿನವಹಿ), ಖತಾವಣಿ (ಲೆಡ್ಜರ್), ಅಢಾವೆ (ಆಸ್ತಿ-ಹೊಣೆ) ಪತ್ರಿಕೆಗಳನ್ನು ತಿರುವಿಹಾಕುವುದೇ ನನ್ನ ಅನ್ನದ ದಾರಿಯಾಗಿತ್ತು. ಸೇವೆಯಲ್ಲಿದ್ದಾಗ ಬರೆದ ಆಕ್ಷೇಪಣೆಗಳಿಗೆ ಲೆಕ್ಕವಿಲ್ಲ. ಆದರೆ ಸಚಿವರೊಬ್ಬರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಅದಕ್ಕೆ ಕಾರಣವಾದದ್ದು ಗುಲಾಬಿ ಬಣ್ಣದ ಒಂದು ಪಾಸ್ ಪುಸ್ತಕ.

ನಮ್ಮ ಓಣಿಯಲ್ಲಿ ನೇಕಾರರಿಗೆ ಕಂಡಿಕೆ ಸುತ್ತಿಕೊಟ್ಟು ಜೀವನ ಸಾಗಿಸುವ ಹೆಣ್ಣುಮಗಳೊಬ್ಬಳು ಒಂದು ಸಂಜೆ ಆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಮಗಳ ಮದುವೆಗೆಂದು ಕೂಡಿಸಿಟ್ಟಿದ್ದ 60,000 ರೂಪಾಯಿಗಳನ್ನು ಹುಬ್ಬಳ್ಳಿಯಲ್ಲಿ ಕಚೇರಿ ತೆರೆದಿದ್ದ ಯಾವುದೋ ಕಂಪನಿಯಲ್ಲಿ ಇಟ್ಟಿದ್ದಳಂತೆ. ಎರಡು ತಿಂಗಳಿಂದ ಆ ಕಚೇರಿಯ ಶಟರ್ ಮೇಲೆದ್ದಿರಲಿಲ್ಲ. "ಬಡ್ಡಿಗೆ ಇಟ್ಟಿದ್ದೇನವ್ವಾ?" ಎಂದು ಕೇಳಿದೆ. "ಬಡ್ಡಿ ಅಲ್ರೀ ಅಣ್ಣಾರ, ಬಡ್ಡಿ ನಮಗ ಹರಾಮ್. ಇದು ವ್ಯಾಪಾರದ ಲಾಭದಾಗಿನ ಪಾಲು ಅಂತ ಹೇಳಿದ್ರು" ಎಂದಳು. ಕನ್ನಡಕ ಹಾಕಿಕೊಂಡು ಪುಟ ತಿರುವಿದೆ. ಮೊದಲ ತಿಂಗಳು 1,500. ಎರಡನೆಯ ತಿಂಗಳು 1,500. ರಂಜಾನಿನ ಭರಾಟೆ ಬಂದು ಹೋಗಿದೆ, ಆಷಾಢದಲ್ಲಿ ಪೇಟೆ ಮಲಗಿದೆ, ಮಳೆ ಕೈಕೊಟ್ಟಿದೆ. ಪುಸ್ತಕದಲ್ಲಿ ಮಾತ್ರ ಹದಿನೇಳು ತಿಂಗಳೂ ಅದೇ ಅಂಕಿ, ಅದೇ ಶಾಯಿ, ಅದೇ ರಬ್ಬರ್ ಮೊಹರು. ವ್ಯಾಪಾರದ ಲಾಭ ಎಂಬುದು ಏರಬೇಕು, ಇಳಿಯಬೇಕು, ಒಮ್ಮೊಮ್ಮೆ ನೆಲ ಕಚ್ಚಬೇಕು. ಕದಲದೆ ನಿಂತಿರುವ ಲಾಭವನ್ನು ಕಂಡರೆ ಲೆಕ್ಕಪರಿಶೋಧಕನ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ. ಅದು ಒಂದೋ ಬಡ್ಡಿಯಾಗಿರಬೇಕು, ಇಲ್ಲವೇ ಹೊಸ ಠೇವಣಿದಾರರ ಹಣವನ್ನೇ ಹಳಬರಿಗೆ ಹಂಚಿದ್ದಿರಬೇಕು.

ಆ ಹಣ ಇನ್ನೂ ಮರಳಿ ಬಂದಿಲ್ಲ. ಪೊಲೀಸರಿಗೆ ದೂರು ಕೊಡಿಸಿದ್ದೇವೆ. ಠೇವಣಿದಾರರ ಹಿತರಕ್ಷಣೆಗೆ 2004ರ ರಾಜ್ಯ ಕಾಯ್ದೆ ಇದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆಯೂ ಇದೆ ಎಂಬುದನ್ನು ಬಲ್ಲೆ. ಅದೇ 2019ರಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ ಕಂಪನಿಯ ಪ್ರಕರಣದಲ್ಲಿ ಸಾವಿರಾರು ಕುಟುಂಬಗಳು ಬೀದಿಗೆ ಬಂದದ್ದನ್ನು ನಾಡೇ ನೋಡಿದೆ. ಇವೆಲ್ಲ ಮನೆ ಸುಟ್ಟ ಮೇಲೆ ಬರುವ ನೀರು. ನನ್ನ ಪ್ರಶ್ನೆ ಅದಕ್ಕೂ ಮೊದಲಿನದು: ಬಡ್ಡಿ ಬೇಡ ಎನ್ನುವ ಒಬ್ಬ ಬಡ ಹೆಣ್ಣುಮಗಳಿಗೆ ಸರ್ಕಾರದ ಕಣ್ಣಳತೆಯಲ್ಲಿರುವ, ಲೆಕ್ಕ ತಪಾಸಣೆಗೆ ಒಳಪಟ್ಟ ಒಂದು ಸಂಘದ ಬಾಗಿಲಾದರೂ ಈ ಮೂರು ಜಿಲ್ಲೆಗಳಲ್ಲಿ ಏಕೆ ತೆರೆದಿಲ್ಲ?

ನಾನು ಮುಸಲ್ಮಾನನಲ್ಲ. ಆ ಪಾಸ್ ಪುಸ್ತಕ ಕಂಡ ಮೇಲೆ, ಇವರ ಧರ್ಮ ನಿಜಕ್ಕೂ ಏನು ಹೇಳುತ್ತದೆ, ಆ ಕಂಪನಿ ಯಾವ ಮಾತನ್ನು ತಿರುಚಿ ಇವಳ ಹಣ ಕಸಿಯಿತು ಎಂದು ತಿಳಿಯುವ ಹಟದಿಂದ ಓದತೊಡಗಿದೆ. ಓದಿದಷ್ಟೂ ಇದು ನಮ್ಮ ಕಸುಬಿಗೆ ಹತ್ತಿರದ ಸಂಗತಿ ಎನಿಸಿತು.

ಕುರಾನು ನಿಷೇಧಿಸುವ 'ರಿಬಾ' ಎಂಬ ಮಾತಿಗೆ ಹೆಚ್ಚಳ, ಬೆಳವಣಿಗೆ ಎಂಬ ಅರ್ಥವಿದೆ. ಇಸ್ಲಾಮಿಗೆ ಮುಂಚಿನ ಅರಬ್ಬರಲ್ಲಿ ಸಾಲದ ಗಡುವು ಮುಗಿದಾಗ ಸಾಲ ಕೊಟ್ಟವನು ಸಾಲ ಪಡೆದವನನ್ನು "ತೀರಿಸುವೆಯೋ, ಬೆಳೆಸುವೆಯೋ" ಎಂದು ಕೇಳುತ್ತಿದ್ದನಂತೆ. ತೀರಿಸಲಾಗದವನು ಬೆಳೆಸಲು ಒಪ್ಪುತ್ತಿದ್ದ, ಅಸಲು ಇಮ್ಮಡಿಸುತ್ತ ಹೋಗುತ್ತಿತ್ತು. ಮೀಟರ್ ಬಡ್ಡಿ, ಚಕ್ರಬಡ್ಡಿಗಳನ್ನು ಕಂಡ ನಮ್ಮ ಹಳ್ಳಿಯವರಿಗೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯೂ ಇದಕ್ಕೊಂದು ಕಡಿವಾಣವಿತ್ತು: ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ 'ದಾಮ್‌ದುಪಟ್' ಎಂಬ ಹಿಂದೂ ನ್ಯಾಯದ ನಿಯಮದಂತೆ, ಒಂದು ಬಾರಿಗೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರಕೂಡದಾಗಿತ್ತು. ಧರ್ಮಶಾಸ್ತ್ರ ಬಡ್ಡಿಗೆ ಮಿತಿ ಹಾಕಿತು, ಕುರಾನು ಬಡ್ಡಿಯನ್ನೇ ತೆಗೆದುಹಾಕಿತು. ಎರಡಕ್ಕೂ ಕಣ್ಣೆದುರಿಗೆ ಇದ್ದದ್ದು ಬೆಳೆಯುತ್ತಲೇ ಹೋಗುವ ಸಾಲದ ಭಯ.

ವ್ಯಾಪಾರವನ್ನು ಒಪ್ಪಿ ರಿಬಾವನ್ನು ನಿಷೇಧಿಸುವ ವಚನ ಕುರಾನಿನ ಎರಡನೆಯ ಅಧ್ಯಾಯದಲ್ಲಿದೆ. ಅದರ ಬೆನ್ನಿಗೇ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವನಿಗೆ ಕಾಲಾವಕಾಶ ಕೊಡಬೇಕೆಂಬ ಮಾತಿದೆ. ಇನ್ನೊಂದು ವಚನದಾಚೆ ಬರುವ, ಇಡೀ ಕುರಾನಿನಲ್ಲೇ ಅತ್ಯಂತ ಉದ್ದವಾದ ವಚನದ ವಿಷಯ ಯಾವುದೆಂದು ಓದಿದಾಗ ನಾನು ಒಬ್ಬನೇ ಕುಳಿತು ನಕ್ಕೆ. ಅದು ಸಾಲಪತ್ರ ಬರೆಯುವ ಕ್ರಮವನ್ನು ಕುರಿತದ್ದು. ಸಾಲ ಚಿಕ್ಕದಿರಲಿ, ದೊಡ್ಡದಿರಲಿ, ಗಡುವಿನೊಂದಿಗೆ ಬರೆದಿಡಲು ಬೇಸರಪಡಬೇಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ ಎನ್ನುತ್ತದೆ. ನಾನು ವರ್ಷಗಟ್ಟಲೆ ಸಂಘಗಳ ಕಾರ್ಯದರ್ಶಿಗಳಿಗೆ ಗೋಗರೆದದ್ದು ಇಷ್ಟನ್ನೇ.

ಬಡ್ಡಿಯನ್ನು ನಿಷೇಧಿಸಿದ ಮೇಲೆ ವ್ಯಾಪಾರಕ್ಕೆ ಬಂಡವಾಳ ಒದಗುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವಾಗಿ ಅರಬ್ ವರ್ತಕರಲ್ಲಿ ಮೊದಲೇ ರೂಢಿಯಲ್ಲಿದ್ದ 'ಮುದಾರಬಾ' ಎಂಬ ಒಪ್ಪಂದವನ್ನು ನ್ಯಾಯಶಾಸ್ತ್ರಜ್ಞರು ಒಪ್ಪವಾಗಿ ತಿದ್ದಿ ಬೆಳೆಸಿದರು. ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾದ ಪ್ರಮಾಣದಲ್ಲಿ ಹಂಚಿಕೆ. ನಷ್ಟವಾದರೆ ಹಣದ ನಷ್ಟ ಹಣ ಹಾಕಿದವನದು, ದುಡಿದವನಿಗೆ ದುಡಿಮೆ ವ್ಯರ್ಥ. ದುಡಿದವನು ಮೋಸವನ್ನೋ ಅಸಡ್ಡೆಯನ್ನೋ ಮಾಡಿದ್ದರೆ ಮಾತ್ರ ಅವನೇ ಹೊಣೆ. ನಮ್ಮ ಭಾಗದಲ್ಲಿ ಕುರಿಗಳನ್ನು ಪಾಲಿಗೆ ಬಿಡುವ ಪದ್ಧತಿಯನ್ನು ತಾವು ಬಲ್ಲಿರಿ. ಕುರಿ ಒಬ್ಬನದು, ಮೇಯಿಸುವವನು ಇನ್ನೊಬ್ಬ, ಮರಿಗಳಲ್ಲಿ ಪಾಲು. ಬೇನೆ ಬಂದು ಕುರಿ ಸತ್ತರೆ ಒಡೆಯನು ಕುರಿಯ ಬೆಲೆಯನ್ನು ಕುರುಬನಿಂದ ಕೇಳುವುದಿಲ್ಲ, ಕುರುಬನು ಕೂಲಿಯನ್ನು ಒಡೆಯನಿಂದ ಕೇಳುವುದಿಲ್ಲ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಏಕೆಂದರೆ ಮುದಾರಬಾದಲ್ಲಿ ಬಂಡವಾಳ ಸಾಮಾನ್ಯವಾಗಿ ಹಣವೇ ಆಗಿರಬೇಕು. ಆದರೆ ಅದರೊಳಗಿನ ನ್ಯಾಯ ನಮ್ಮ ರೈತನಿಗೆ ಹೊಸದಲ್ಲ. ಹಾಗೆಯೇ ಬಡ್ಡಿಯಿಲ್ಲದೆ ಕೊಟ್ಟು ಅಸಲನ್ನಷ್ಟೇ ಮರಳಿ ಪಡೆಯುವ ಸಾಲಕ್ಕೆ ಅವರು 'ಕರ್ಜೆ ಹಸನಾ' ಎನ್ನುತ್ತಾರೆ. ನಾವು ಕೈಗಡ ಎನ್ನುತ್ತೇವೆ.

ಇಸ್ಲಾಮಿನ ಆರ್ಥಿಕ ಚಿಂತನೆಯೆಂದರೆ ಬಡ್ಡಿ ನಿಷೇಧವೊಂದೇ ಎಂದು ನಾನೂ ತಿಳಿದಿದ್ದೆ. ಬಾಗ್ದಾದಿನ ಮುಖ್ಯ ನ್ಯಾಯಾಧೀಶನಾಗಿದ್ದು 798ರಲ್ಲಿ ತೀರಿಕೊಂಡ ಅಬೂ ಯೂಸುಫ್, ಖಲೀಫ ಹಾರೂನ್ ಅಲ್ ರಶೀದನ ಕೋರಿಕೆಯಂತೆ ಕಂದಾಯದ ಮೇಲೆ ಒಂದು ಗ್ರಂಥವನ್ನೇ ಬರೆದ. ಭೂಮಿಯ ಅಳತೆಯ ಮೇಲೆ ನಿಗದಿಯಾದ ಕಂದಾಯ ಬೇಡ, ಬೆಳೆದದ್ದರಲ್ಲಿ ಒಂದು ಪಾಲನ್ನು ಪಡೆಯುವುದೇ ರೈತನಿಗೂ ಬೊಕ್ಕಸಕ್ಕೂ ಕ್ಷೇಮ ಎಂಬುದು ಅವನ ಸಲಹೆ. ಸಾವಿರ ವರ್ಷಗಳ ಬಳಿಕ ಮುಂಬಯಿ ಪ್ರಾಂತದ ರೈತವಾರಿ ಪದ್ಧತಿ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದು, ಮಳೆ ಬರಲಿ ಬಿಡಲಿ, ಕಂದಾಯವನ್ನು ನಗದಿನಲ್ಲಿ ನಿಗದಿಪಡಿಸಿತು. ಆ ನಗದಿಗಾಗಿ ರೈತ ಯಾರ ಕಟ್ಟೆ ಹತ್ತಿದ, ಸಾಲದ ಕಾಗದಕ್ಕೆ ಹೆಬ್ಬೆಟ್ಟು ಎಲ್ಲಿ ಒತ್ತಿದ ಎಂಬುದನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಅಬೂ ಯೂಸುಫ್ ಇನ್ನೊಂದು ಮಾತನ್ನೂ ಗಮನಿಸಿದ್ದ: ಧಾನ್ಯ ಹೇರಳವಾಗಿದ್ದರೂ ಬೆಲೆ ದುಬಾರಿಯಾಗಿರುವುದುಂಟು, ಧಾನ್ಯ ಕಡಿಮೆಯಿದ್ದರೂ ಅಗ್ಗವಾಗಿರುವುದುಂಟು. ಹುಬ್ಬಳ್ಳಿಯ ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ಒಂದು ಹಂಗಾಮು ನಿಂತವರು ಇದನ್ನು ಅಲ್ಲಗಳೆಯಲಾರರು.

1111ರಲ್ಲಿ ತೀರಿಹೋದ ಧರ್ಮಶಾಸ್ತ್ರಜ್ಞ ಅಲ್ ಗಝಾಲಿ ಹಣವನ್ನು ಕನ್ನಡಿಗೆ ಹೋಲಿಸಿದ. ಕನ್ನಡಿಗೆ ತನ್ನದೆಂಬ ಬಣ್ಣವಿಲ್ಲ, ಎಲ್ಲ ಬಣ್ಣಗಳನ್ನೂ ತೋರಿಸುತ್ತದೆ. ಹಣಕ್ಕೂ ತನ್ನದೆಂಬ ಉಪಯೋಗವಿಲ್ಲ, ಎಲ್ಲ ವಸ್ತುಗಳ ಬೆಲೆಯನ್ನೂ ತೋರಿಸುತ್ತದೆ. ಹಾಗಿರುವಾಗ ಹಣವನ್ನೇ ಸರಕು ಮಾಡಿಕೊಂಡು ಮಾರುವುದು ಅದನ್ನು ಹುಟ್ಟಿಸಿದ ಉದ್ದೇಶಕ್ಕೇ ಅಪಚಾರ ಎಂಬುದು ಅವನ ವಾದ. ಒಂದು ಸೂಜಿ ಸಿದ್ಧವಾಗುವಷ್ಟರಲ್ಲಿ ಇಪ್ಪತ್ತೈದು ಸಲ ಕುಶಲಕರ್ಮಿಯ ಕೈ ಹಾಯುತ್ತದೆಂದು ಬರೆದವನೂ ಅವನೇ. ಇದನ್ನು ಓದುವಾಗ ನನಗೆ ಬೆಟಗೇರಿಯ ಸೀರೆ ನೆನಪಾಯಿತು. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಮಗ್ಗದ ಮೇಲೆ ಕೂಡುವವರು ಬೇರೆ ಬೇರೆಯೇ. ಇಷ್ಟು ಕೈಗಳಲ್ಲಿ ನಷ್ಟದ ಭಯವಿಲ್ಲದೆ ಆದಾಯ ಎಣಿಸುವ ಕೈ ಒಂದೇ: ಮಗ್ಗಕ್ಕೆ ಬಡ್ಡಿಯ ಮೇಲೆ ಹಣ ಕೊಟ್ಟವನದು.

14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನನ ಹೆಸರನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ರಾಜ್ಯದ ಆರಂಭದಲ್ಲಿ ತೆರಿಗೆಯ ದರ ಕಡಿಮೆ, ವಸೂಲಿ ಹೆಚ್ಚು. ಕೊನೆಗಾಲದಲ್ಲಿ ದರ ಹೆಚ್ಚು, ವಸೂಲಿ ಕಡಿಮೆ ಎಂದು 1377ರಲ್ಲೇ ಬರೆದಿಟ್ಟವನು ಅವನು. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅವನ ಪ್ರಭಾವಕ್ಕೆ ಒಳಗಾದ ಈಜಿಪ್ಟಿನ ಇತಿಹಾಸಕಾರ ಅಲ್ ಮಕ್ರೀಝಿ. 15ನೇ ಶತಮಾನದ ಮೊದಲ ವರ್ಷಗಳಲ್ಲಿ ಈಜಿಪ್ಟಿಗೆ ಬಂದ ಭೀಕರ ಬರದ ಕಾರಣಗಳನ್ನು ಅವನು ಹುಡುಕಿದ. ನೈಲ್ ನದಿ ಕೈಕೊಟ್ಟಿತೆಂಬಲ್ಲಿಗೆ ಮಾತು ಮುಗಿಸಬಹುದಿತ್ತು, ಅವನು ಮುಗಿಸಲಿಲ್ಲ. ಲಂಚ ಕೊಟ್ಟು ಹುದ್ದೆಗೇರಿದ ಅಧಿಕಾರಿಗಳು, ಏರುತ್ತಲೇ ಹೋದ ಭೂಮಿಯ ಗೇಣಿ, ಮಿತಿಮೀರಿ ಚಲಾವಣೆಗೆ ಬಿಟ್ಟ ತಾಮ್ರದ ನಾಣ್ಯ, ಈ ಮೂರನ್ನು ಎತ್ತಿ ತೋರಿಸಿದ. ಮಾರುಕಟ್ಟೆಯ ತೂಕ, ಅಳತೆ, ಮೋಸಗಳನ್ನು ತಪಾಸಿಸುವ ಮುಹ್ತಸಿಬ್ ಎಂಬ ಹುದ್ದೆಯಲ್ಲಿ ಅವನು ಕೈರೋದಲ್ಲಿ ಕೆಲಸ ಮಾಡಿದ್ದ. ಒಂದರ್ಥದಲ್ಲಿ ನಮ್ಮ ಇಲಾಖೆಯವನೇ.

ಈ ಪರಂಪರೆಯಲ್ಲಿ ಎಲ್ಲರೂ ಒಂದೇ ಮಾತನ್ನಾಡಿದರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 16ನೇ ಶತಮಾನದ ಆಟೊಮನ್ ತುರ್ಕಿಯಲ್ಲಿ ಹಣವನ್ನೇ ದತ್ತಿಯಾಗಿಟ್ಟು, ಅದನ್ನು ಸಾಲ ಕೊಟ್ಟು, ಬಂದ ಹೆಚ್ಚಳದಿಂದ ಮಸೀದಿ, ಶಾಲೆಗಳನ್ನು ನಡೆಸುವ ಪದ್ಧತಿ ಬಲವಾಗಿತ್ತು. ಸಾಮ್ರಾಜ್ಯದ ಪ್ರಧಾನ ಮುಫ್ತಿ ಎಬುಸ್ಸೂದ್ ಇದನ್ನು ಸಮರ್ಥಿಸಿದ, ಬಿರ್ಗಿವಿ ಎಂಬ ವಿದ್ವಾಂಸ ಕಟುವಾಗಿ ವಿರೋಧಿಸಿದ. ತೀರ ಈಚೆಗೆ, 1989ರಲ್ಲಿ, ಈಜಿಪ್ಟಿನ ಮುಫ್ತಿಯಾಗಿದ್ದ ತಂತಾವಿ ಅವರು ಸರ್ಕಾರಿ ಹೂಡಿಕೆ ಪತ್ರಗಳ ನಿಗದಿತ ಆದಾಯ ತಪ್ಪಲ್ಲವೆಂದು ಫತ್ವಾ ಕೊಟ್ಟರು. ಬಹುಪಾಲು ವಿದ್ವಾಂಸರು ಒಪ್ಪಲಿಲ್ಲ. ಬ್ಯಾಂಕಿನ ಬಡ್ಡಿಯೂ ರಿಬಾ ಹೌದೇ ಎಂಬ ಚರ್ಚೆಯನ್ನು ತೀರ್ಮಾನಿಸುವುದು ಸರ್ಕಾರದ ಕೆಲಸವೂ ಅಲ್ಲ, ನನ್ನದಂತೂ ಅಲ್ಲವೇ ಅಲ್ಲ. ಹೌದು ಎಂದು ನಂಬಿ ದೂರ ನಿಂತಿರುವ ಜನ ನಮ್ಮ ನಡುವೆ ಇದ್ದಾರೆ ಎಂಬಷ್ಟು ಸಾಕು.

ತಮ್ಮ ಖಾತೆಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. 'ಇಸ್ಲಾಮಿಕ್ ಬ್ಯಾಂಕ್' ಎಂಬುದು ಹಳೆಯ ಸಂಸ್ಥೆಯಲ್ಲ, 20ನೇ ಶತಮಾನದ ಕೂಸು. ಅದರ ಮೊದಲ ಹೆಸರಾಂತ ಪ್ರಯೋಗ ನಡೆದದ್ದು 1963ರಲ್ಲಿ, ನೈಲ್ ನದಿಯ ಮುಖಜ ಭೂಮಿಯ ಮಿತ್ ಘಮರ್ ಎಂಬ ಸಣ್ಣ ಪಟ್ಟಣದಲ್ಲಿ. ಅದನ್ನು ಕಟ್ಟಿದ ಅಹ್ಮದ್ ಅಲ್ ನಜ್ಜಾರ್ ಜರ್ಮನಿಯಲ್ಲಿ ಓದಿದವರು. ಅಲ್ಲಿನ ಊರೂರಿನ ಉಳಿತಾಯ ಬ್ಯಾಂಕುಗಳನ್ನು ಕಂಡು, ಅದೇ ಮಾದರಿಯನ್ನು ಬಡ್ಡಿಯಿಲ್ಲದೆ ಈಜಿಪ್ಟಿನ ರೈತರಿಗೆ ಹೊಂದಿಸಿದರು. ಧಾರ್ಮಿಕ ಸಂಘಟನೆಗಳನ್ನು ಅನುಮಾನದಿಂದ ಕಾಣುತ್ತಿದ್ದ ನಾಸರ್ ಆಡಳಿತದ ಕಾಲವಾದ್ದರಿಂದ ಧರ್ಮದ ಹೆಸರಿನ ಫಲಕವನ್ನೂ ಹಾಕಲಿಲ್ಲ. ಈಗ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಬನ್ನಿ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಆ ಕಾಯ್ದೆಯ ಹಿಂದೆ ಇದ್ದದ್ದು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ವರದಿ; ಆ ವರದಿ ಎತ್ತಿ ಹಿಡಿದದ್ದು ಜರ್ಮನಿಯ ಹಳ್ಳಿಗಳಲ್ಲಿ ಪತ್ತಿನ ಸಂಘ ಕಟ್ಟಿದ ರೈಫೈಸನ್ನನ ಮಾದರಿಯನ್ನು. ಒಂದು ಉಳಿತಾಯ ಬ್ಯಾಂಕು, ಇನ್ನೊಂದು ಪತ್ತಿನ ಸಂಘ, ಎರಡೂ ಒಂದೇ ಅಲ್ಲ. ಆದರೂ ಕಣಗಿನಹಾಳ ಮತ್ತು ಮಿತ್ ಘಮರ್‌ಗಳನ್ನು ಒಂದೇ ಮನೆತನದ ದಾಯಾದಿಗಳೆಂದು ಕರೆದರೆ ತಪ್ಪಾಗಲಾರದು. ಆಗಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು, ಅಂದರೆ ಸಂಘದ ನಷ್ಟಕ್ಕೆ ಎಲ್ಲರೂ ಹೆಗಲು ಕೊಡಬೇಕಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ವ್ಯವಸ್ಥೆಯ ದೋಷಗಳನ್ನು ಮುಚ್ಚಿಟ್ಟರೆ ಲೆಕ್ಕಪರಿಶೋಧಕನ ಮಾತಿಗೆ ಬೆಲೆ ಇರುವುದಿಲ್ಲ. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಆರಂಭವಾಯಿತು. ಅದೇ ವರ್ಷ ಜಿದ್ದಾದಲ್ಲಿ ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕ್ ಕೆಲಸ ತೊಡಗಿತು. 1983ರಲ್ಲಿ ಮಲೇಷ್ಯಾದಲ್ಲಿ ಒಂದು ಬ್ಯಾಂಕು ಬಂತು. ಸಿದ್ಧಾಂತ ಬರೆದವರು ಲಾಭ-ನಷ್ಟ ಹಂಚಿಕೆಯನ್ನು ಹೊಗಳಿದರು. ಅವರಲ್ಲಿ ಮುಂಚೂಣಿಯಲ್ಲಿದ್ದವರೊಬ್ಬರು ಅಲಿಗಢದಲ್ಲಿ ಪಾಠ ಹೇಳಿದ ನಮ್ಮವರೇ ಆದ ನಜಾತುಲ್ಲಾ ಸಿದ್ದೀಕಿ. ಆದರೆ ಬ್ಯಾಂಕುಗಳು ಹೆಚ್ಚಾಗಿ ಹಿಡಿದದ್ದು 'ಮುರಾಬಹಾ' ಎಂಬ ಸುಲಭದ ದಾರಿಯನ್ನು. ಗ್ರಾಹಕನಿಗೆ ಬೇಕಾದ ವಸ್ತುವನ್ನು ಬ್ಯಾಂಕು ಕೊಂಡು, ತನ್ನ ಲಾಭ ಸೇರಿಸಿ, ಕಂತಿನ ಮೇಲೆ ಅವನಿಗೇ ಮಾರುತ್ತದೆ. ಬ್ಯಾಂಕು ವಸ್ತುವನ್ನು ನಿಜವಾಗಿ ಕೊಂಡು, ಅದು ತನ್ನ ವಶದಲ್ಲಿರುವಷ್ಟು ಕಾಲ ಹಾಳಾಗುವ ಭಯವನ್ನು ಹೊತ್ತಿದ್ದರೆ ಅದು ವ್ಯಾಪಾರ. ಬರೀ ಕಾಗದದ ಮೇಲೆ ಕೊಂಡು, ಮರುಕ್ಷಣ ಕಾಗದದ ಮೇಲೆಯೇ ಮಾರಿದರೆ, ಬಡ್ಡಿಗೆ ಪಂಚೆ ಬಿಡಿಸಿ ಪೈಜಾಮ ತೊಡಿಸಿದಂತೆ. ಗ್ರಾಹಕನ ಕೈಗೆ ನಗದು ಬರುವಂತೆ ಲೋಹವನ್ನೋ ಎಣ್ಣೆಯನ್ನೋ ಸುತ್ತು ಹಾಕಿ ಕೊಂಡು ಮಾರುವ ಸಂಘಟಿತ ತವರ್ರುಕ್ ಎಂಬ ವ್ಯವಹಾರವನ್ನು ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ನ್ಯಾಯಶಾಸ್ತ್ರ ಅಕಾಡೆಮಿಯೇ 2009ರಲ್ಲಿ ಒಪ್ಪಲಾಗದೆಂದು ಠರಾವು ಮಾಡಿತು. ಇಂಥ ಸಂಸ್ಥೆಗಳಿಗೆ ಲೆಕ್ಕಪತ್ರ ಮತ್ತು ಪರಿಶೋಧನೆಯ ಮಾನದಂಡಗಳನ್ನು ರೂಪಿಸುವ ಒಂದು ಸಂಸ್ಥೆ 1991ರಿಂದ ಬಹರೈನಿನಲ್ಲಿ ಕೆಲಸ ಮಾಡುತ್ತಿದೆ. ಆದ್ದರಿಂದ ನಾನು ಕೇಳುತ್ತಿರುವುದು ಹೆಸರಿಗೆ ಮನ್ನಣೆಯನ್ನಲ್ಲ. ಪ್ರತಿ ವ್ಯವಹಾರದಲ್ಲೂ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಖತಾವಣಿಗೆ ಕೇಳಬಲ್ಲ ವ್ಯವಸ್ಥೆ ನಮಗೆ ಬೇಕು.

ಬ್ಯಾಂಕುಗಳಿಗೆ ಇದು ಇಂದಿನ ಕಾನೂನಿನಲ್ಲಿ ಕಷ್ಟ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಮು ಬ್ಯಾಂಕು ಸರಕಿನ ವ್ಯಾಪಾರ ಮಾಡದಂತೆ ತಡೆಯುತ್ತದೆ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕಲ್ಪಿಸಬೇಕೆಂದಿತು. 2015ರಲ್ಲಿ ರಿಸರ್ವ್ ಬ್ಯಾಂಕಿನದೇ ದೀಪಕ್ ಮೊಹಾಂತಿ ಸಮಿತಿ, ಬ್ಯಾಂಕುಗಳಲ್ಲಿ ಅದಕ್ಕೆಂದು ಪ್ರತ್ಯೇಕ ಕಿಟಕಿ, ಅಂದರೆ ಬೇರೆಯೇ ವಿಭಾಗ, ತೆರೆಯಬಹುದೆಂದಿತು. 2017ರಲ್ಲಿ ರಿಸರ್ವ್ ಬ್ಯಾಂಕು ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಕೇರಳದಲ್ಲಿ ಸರ್ಕಾರಿ ನಿಗಮದ ಪಾಲು ಇದ್ದ ಇಂಥದೊಂದು ಹಣಕಾಸು ಕಂಪನಿಯ ವಿರುದ್ಧ ಹೂಡಿದ ಅರ್ಜಿಯನ್ನು ಅಲ್ಲಿನ ಹೈಕೋರ್ಟು 2011ರಲ್ಲಿ ವಜಾ ಮಾಡಿತ್ತು ಎಂಬುದೂ ಕಡತದಲ್ಲಿರಲಿ.

ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘ ಬ್ಯಾಂಕಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಅದು ಇವತ್ತೂ ಬೀಜ, ಗೊಬ್ಬರ ಮಾರುತ್ತದೆ, ಗೋದಾಮು ಇಟ್ಟುಕೊಂಡಿದೆ. ಅದರ ಉಪವಿಧಿಗಳನ್ನು 1959ರ ನಮ್ಮದೇ ಸಹಕಾರ ಸಂಘಗಳ ಕಾಯ್ದೆಯಡಿ ತಮ್ಮ ಇಲಾಖೆಯೇ ನೋಂದಾಯಿಸುತ್ತದೆ. ಬಡ್ಡಿಯಿಲ್ಲದ ಸಾಲವೆಂಬ ಮಾತಂತೂ ಈ ಸಂಘಗಳಿಗೆ ನಿತ್ಯದ್ದು. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಇಲ್ಲಿ ಬಡ್ಡಿ ಮಾಯವಾಗಿಲ್ಲ, ರೈತನ ಬದಲಿಗೆ ಬೊಕ್ಕಸ ಕಟ್ಟುತ್ತಿದೆ. ಗಡುವು ದಾಟಿ ಸುಸ್ತಿಯಾದರೆ ರೈತನ ಮೇಲೆಯೇ ಬೀಳುತ್ತದೆ. ಆದರೂ ಸಂಘದ ಕಾರ್ಯದರ್ಶಿ 'ಬಡ್ಡಿ: ಇಲ್ಲ' ಎಂದು ಬರೆಯಲು ಕಲಿತಿದ್ದಾನೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ, ಲೆಕ್ಕಪರಿಶೋಧನೆಯಲ್ಲಿ ಸತತವಾಗಿ 'ಅ' ವರ್ಗ ಪಡೆದ ಕೆಲವೇ ಸಂಘಗಳನ್ನು ಆರಿಸಿ, ಮೂರು ವರ್ಷಗಳ ಮಟ್ಟಿಗೆ ಒಂದು ಪ್ರತ್ಯೇಕ ಖಾತೆಯನ್ನು ತೆರೆಯಲು ಉಪವಿಧಿ ತಿದ್ದುಪಡಿಗೆ ಅವಕಾಶ ಕೊಡಿ. ಅದು ಯಾವ ಧರ್ಮದ ಹೆಸರನ್ನೂ ಹೊರದಿರಲಿ, ಯಾವ ಜಾತಿಯ ಸದಸ್ಯನಿಗೂ ಮುಚ್ಚದಿರಲಿ. ಈ ಖಾತೆಗೆ ಹಣ ಇಡುವವನಿಗೆ ನಿಗದಿತ ಆದಾಯದ ಭರವಸೆಯನ್ನು ಯಾರಾದರೂ ಕೊಟ್ಟರೆ, ಬಾಯಿಮಾತಿನಲ್ಲಿ ಕೊಟ್ಟರೂ ಸಹ, ಅದೇ ಅಪರಾಧವೆನಿಸಲಿ.

ಮೊದಲಿಗೆ ಸಣ್ಣ ಕೈಗಡಗಳು. ಆಸ್ಪತ್ರೆ, ಶಾಲೆಯ ಫೀಸು ಇಂಥವಕ್ಕೆ ಅಸಲನ್ನಷ್ಟೇ ಮರಳಿ ಪಡೆದು, ಕಾಗದಪತ್ರದ ನಿಜವಾದ ಖರ್ಚನ್ನು ಮಾತ್ರ ವಸೂಲಿ ಮಾಡುವುದು. ಈ ಖರ್ಚು ಸಾಲದ ಮೊತ್ತದೊಂದಿಗೆ, ಅವಧಿಯೊಂದಿಗೆ ಬೆಳೆಯಕೂಡದು. ಬೆಳೆದರೆ ಬಡ್ಡಿ ಹಿತ್ತಲ ಬಾಗಿಲಿನಿಂದ ಬಂತೆಂದೇ ಅರ್ಥ. 2025ರ ಆರಂಭದಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ವಸೂಲಿದಾರರ ಕಾಟ ತಾಳಲಾರದೆ ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ತಾಳಿ ಕಳಿಸಿದ್ದನ್ನು ತಾವು ಮರೆತಿರಲಾರಿರಿ. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಒಳ್ಳೆಯದೇ ಆಯಿತು. ಆದರೆ ಬಲವಂತದ ವಸೂಲಿಯನ್ನು ನಿಲ್ಲಿಸಿದ ಮೇಲೂ ಐದು ಸಾವಿರದ ಅಡಚಣೆ ಹಾಗೆಯೇ ಉಳಿಯುತ್ತದೆ.

ಎರಡನೆಯದು ಯಂತ್ರದ ಬಾಡಿಗೆ. 'ಇಜಾರಾ' ಎಂಬ ಹೆಸರಿನಲ್ಲಿ ಅವರು ಕರೆಯುವ ಈ ವ್ಯವಹಾರದಲ್ಲಿ ಯಂತ್ರದ ಒಡೆತನ ಸಂಘದ್ದು, ಅದರ ದೊಡ್ಡ ರಿಪೇರಿಯೂ ಸಂಘದ್ದು. ಯಂತ್ರ ಕೆಟ್ಟು ನಿಂತ ದಿನ ಬಾಡಿಗೆ ಇಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಕಂಡ ರೈತರಿಗೆ ವಿವರಣೆ ಬೇಕಿಲ್ಲ. ಗೊಬ್ಬರವನ್ನು ಲಾಭ ಸೇರಿಸಿ ಕಂತಿಗೆ ಮಾರುವ ಯೋಚನೆಯನ್ನು ಮಾತ್ರ ನಾನು ಕೈಬಿಟ್ಟೆ. ಚೀಲದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನು ದಾಟಿದರೆ ಅದೇ ಇನ್ನೊಂದು ಆಕ್ಷೇಪಣೆಯಾಗುತ್ತದೆ.

ಮೂರನೆಯದು ಹೆಚ್ಚು ಫಲದ್ದು, ಹೆಚ್ಚು ಅಪಾಯದ್ದೂ ಹೌದು: 'ಸಲಮ್', ಅಂದರೆ ಮುಂದೆ ಬರುವ ಬೆಳೆಯನ್ನು ಮುಂಗಡ ಹಣ ಕೊಟ್ಟು ಕೊಳ್ಳುವುದು. ಮದೀನಾದ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮುಂಚಿತವಾಗಿ ಹಣ ಕೊಡುತ್ತಿದ್ದುದನ್ನು ಕಂಡ ಪ್ರವಾದಿಗಳು, ಅಳತೆ ಗೊತ್ತಿರಲಿ, ತೂಕ ಗೊತ್ತಿರಲಿ, ಗಡುವು ಗೊತ್ತಿರಲಿ ಎಂದು ಕಟ್ಟುಪಾಡು ಹಾಕಿ ಅದನ್ನು ಒಪ್ಪಿದರು. ಪೂರ್ತಿ ಬೆಲೆಯನ್ನು ಮೊದಲೇ ಕೊಡಬೇಕು. ಇಂಥವನ ಇಂಥ ಹೊಲದ್ದೇ ಬೆಳೆ ಎಂದು ಕಟ್ಟಿಹಾಕದೆ, ಗುಣಮಟ್ಟವನ್ನು ಹೆಸರಿಸಬೇಕು. ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯವರು ಮೆಣಸಿನಕಾಯಿ ಬೆಳೆಗಾರನಿಗೆ ಮುಂಗಡ ಕೊಡುವುದುಂಟು. ಅದರ ಮೇಲೆ ಬಡ್ಡಿ ಓಡುತ್ತದೆ, ಮಾಲನ್ನು ಅವರ ಅಂಗಡಿಗೇ ತರಬೇಕು, ಧಾರಣೆ ಅಂದಿನದು. ಸಲಮ್‌ನಲ್ಲಿ ಬಡ್ಡಿಯಿಲ್ಲ, ಬೆಲೆ ಬಿತ್ತನೆಯ ಹೊತ್ತಿಗೇ ತೀರ್ಮಾನ. ಮೆಣಸಿನಕಾಯಿಯ ತಳಿ ಕಡ್ಡಿಯೋ ಡಬ್ಬಿಯೋ, ತೇವಾಂಶ ಎಷ್ಟು, ಎಷ್ಟು ಕ್ವಿಂಟಲ್, ಯಾವ ದಿನ ಎಂದು ಬರೆದುಕೊಂಡರೆ ಮುಗಿಯಿತು. ಆದರೆ 2024ರ ಮಾರ್ಚಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿದ್ದನ್ನು ನೆನೆದುಕೊಳ್ಳಿ. ಆ ವರ್ಷ ಸಂಘವೊಂದು ಬಿತ್ತನೆಯ ಹೊತ್ತಿನ ಒಳ್ಳೆಯ ಬೆಲೆಗೆ ಸಲಮ್ ಮಾಡಿಕೊಂಡಿದ್ದರೆ ರೈತ ಉಳಿಯುತ್ತಿದ್ದ, ಸಂಘ ಮುಳುಗುತ್ತಿತ್ತು. ಆದ್ದರಿಂದ ಒಟ್ಟು ಖಾತೆಯಲ್ಲಿ ಸಲಮ್‌ನ ಪ್ರಮಾಣಕ್ಕೆ ಬಿಗಿಯಾದ ಮಿತಿ ಇರಬೇಕು, ಸಾಧ್ಯವಿದ್ದಷ್ಟು ಮಾಲಿಗೆ ಸಂಘ ಮೊದಲೇ ಬೇರೆ ಕೊಳ್ಳುವವರನ್ನು ಗೊತ್ತುಮಾಡಿಕೊಂಡಿರಬೇಕು, ಉಳಿದ ನಷ್ಟ ತನ್ನ ಪಾಲಿಗೂ ಬರಬಹುದೆಂದು ಹಣ ಇಟ್ಟವನು ಕನ್ನಡದಲ್ಲಿ ಬರೆದ ಕಾಗದಕ್ಕೆ ಓದಿ ಸಹಿ ಮಾಡಿರಬೇಕು.

ಎರಡು ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಒಂದು ಧರ್ಮದ ನಿಯಮವನ್ನು ಸರ್ಕಾರದ ಸಂಘಕ್ಕೆ ತರಬಾರದೆಂದು ಕೆಲವರು ಹೇಳುತ್ತಾರೆ. ರೈಫೈಸನ್ ತನ್ನ ಸಂಘಗಳನ್ನು ಕ್ರೈಸ್ತ ಧರ್ಮದ ನೆರೆಹೊರೆಯ ಪ್ರೀತಿಯ ಹೆಸರಿನಲ್ಲೇ ಕಟ್ಟಿದ. ಕಣಗಿನಹಾಳದವರು ಅದರ ಲೆಕ್ಕವನ್ನು ತೆಗೆದುಕೊಂಡರು, ಇಗರ್ಜಿಯನ್ನಲ್ಲ. ಇನ್ನು ಮುಸ್ಲಿಂ ಸಮಾಜದ ಕೆಲವು ಹಿರಿಯರು, ಇದು ಪೂರ್ತಿ ಶರೀಅತ್ತಿಗೆ ಸರಿಹೊಂದದು ಎನ್ನಬಹುದು. ಅವರಿಗೆ ಬೇಕಾದ ವಿದ್ವಾಂಸರನ್ನು ಕರೆತಂದು ಖಾತೆಯನ್ನು ತೋರಿಸಲಿ, ಸಂಘದ ಬಾಗಿಲು ತೆರೆದಿರಲಿ. ಆದರೆ ಅವರಲ್ಲಿ ನನ್ನದೊಂದು ನಿಷ್ಠುರದ ಮಾತು ಇದೆ: ಗಡ್ಡ ಕಂಡು, ಸಲಾಮು ಕೇಳಿ, ಜನ ಹಣ ಇಡುವಾಗ ತಾವೆಲ್ಲ ಆ ಕಂಪನಿಗಳ ಉದ್ಘಾಟನೆಗೆ ಹೋಗಿ ಚಹಾ ಕುಡಿದು ಬಂದಿರಿ; ಅಢಾವೆ ಪತ್ರಿಕೆ ತೋರಿಸಿ ಎಂದು ಒಬ್ಬರಾದರೂ ಕೇಳಿದ್ದು ನನಗೆ ತಿಳಿದಿಲ್ಲ.

ಈ ಖಾತೆಗೆ ಬೇಕಾದ ಕಿರ್ದಿಯ ನಮೂನೆ, ಲಾಭ ಹಂಚಿಕೆಯ ತಃಖ್ತೆ ಮತ್ತು ಪರಿಶೋಧಕರಿಗೆ ಒಂದು ಪ್ರಶ್ನಾವಳಿಯನ್ನು ನನಗೆ ತಿಳಿದ ಮಟ್ಟಿಗೆ ಸಿದ್ಧಪಡಿಸಿದ್ದೇನೆ. ತಮ್ಮ ಇಲಾಖೆ ಕರೆದರೆ ಬಸ್ಸಿನ ಚಾರ್ಜು ಸಹ ಕೇಳದೆ ಬಂದು ವಿವರಿಸುತ್ತೇನೆ, ಮೊದಲ ವರ್ಷ ಆಯ್ದ ಸಂಘಗಳಲ್ಲಿ ಕುಳಿತು ಬರೆಯಲು ಕಲಿಸುತ್ತೇನೆ. ಗುಲಾಬಿ ಬಣ್ಣದ ಆ ಪಾಸ್ ಪುಸ್ತಕದ ಹದಿನೇಳು ತಿಂಗಳ ಪುಟಗಳ ನೆರಳಚ್ಚು ಪ್ರತಿಯನ್ನು, ಆಕೆಯ ಹೆಸರನ್ನು ಮರೆಮಾಡಿ, ಇದರೊಂದಿಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರ ಲೆಕ್ಕಪರಿಶೋಧಕ
ಬೆಟಗೇರಿ, ಗದಗ ಜಿಲ್ಲೆ